ಹೆದ್ದಾರಿಯ ಗಂಟಿನಲ್ಲಿ ಊರಿನ ಹೆಬ್ಬಾಗಿಲು

ಬೆಂಗಳೂರಿನ ಹಳೇ ಪೇಟೆಗೆ ಕೋಟೆಯಿದ್ದ ಕಾಲದಲ್ಲಿ ಬಾಗಿಲುಗಳೂ ಇದ್ದವು. ಹಲಸೂರು ಬಾಗಿಲು, ಯಲಹಂಕ ಬಾಗಿಲು, ಕೆಂಗೇರಿ ಬಾಗಿಲು, ಸೊಂಡೆಕೊಪ್ಪ ಬಾಗಿಲು. ಕೋಟೆ ಹೋಯಿತು, ಬಾಗಿಲುಗಳೂ ಹೋದವು. ‘ಹಲಸೂರು ಗೇಟ್’ ಎಂಬ ಹೆಸರು ಈಗ ಒಂದು ಪೊಲೀಸ್ ಠಾಣೆಯ ಫಲಕದಲ್ಲಿ ಉಳಿದುಕೊಂಡಿದೆ. ವಿಜಯಪುರಕ್ಕೆ ಹೋದವರು ಹಳೆಯ ಕೋಟೆಗೋಡೆಯನ್ನು ಇಂದಿಗೂ ನೋಡಬಹುದು. ಅದರ ಪಶ್ಚಿಮದ ಬಾಗಿಲಿಗೆ ಮಕ್ಕಾ ದರ್ವಾಜಾ ಎಂದು ಹೆಸರು. ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ಬಾಗಿಲನ್ನು ಯಾರು ಕಟ್ಟಿಸಿದರು, ಯಾರು ಉದ್ಘಾಟಿಸಿದರು ಎಂದು ಅವು ಹೇಳುವುದಿಲ್ಲ. ಈ ದಾರಿ ಯಾವ ಕಡೆಯದು ಎಂದು ಹೇಳುತ್ತವೆ. ದಾರಿಹೋಕನಿಗೆ ಬೇಕಾದದ್ದೂ ಅಷ್ಟೇ ಅಲ್ಲವೇ?

ಇಂದಿನ ಊರುಗಳಿಗೆ ಕೋಟೆಯಿಲ್ಲ. ಹೊರಗಿನಿಂದ ಬಂದವರಿಗೆ ‘ಊರು ಬಂತು’ ಎಂದು ಮೊದಲು ಅನ್ನಿಸುವುದು ದೊಡ್ಡ ರಸ್ತೆಗಳು ಒಂದರ ಮೇಲೊಂದು ಹಾದು ಕೂಡುವ ಜಾಗದಲ್ಲಿ. ಅದನ್ನು ಇಂಟರ್‌ಚೇಂಜ್ ಎನ್ನುತ್ತಾರೆ. ಆ ಜಾಗದ ಮಣ್ಣು, ನೀರು, ಗಿಡ, ಫಲಕ, ಕಮಾನುಗಳನ್ನು ಯೋಚಿಸಿ ರೂಪಿಸುವ ಕೆಲಸಕ್ಕೆ ಭೂದೃಶ್ಯ ವಿನ್ಯಾಸ ಅಥವಾ ಲ್ಯಾಂಡ್‌ಸ್ಕೇಪ್ ವಿನ್ಯಾಸ ಎಂದು ಹೆಸರು. ಪಿಯುಸಿ ಆದ ಮೇಲೆ ಸಿವಿಲ್ ಇಂಜಿನಿಯರಿಂಗ್, ಆರ್ಕಿಟೆಕ್ಚರ್ ಕಡೆ ಹೋಗುವ ಯೋಚನೆಯಲ್ಲಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ನೀವು ಈಗ ಓದುತ್ತಿರುವ ತ್ರಿಕೋನಮಿತಿ, ಚಲನೆಯ ಸಮೀಕರಣಗಳು, ಸಸ್ಯಶಾಸ್ತ್ರ ಎಲ್ಲವೂ ಈ ಒಂದು ಜಾಗದಲ್ಲಿ ಹೇಗೆ ಒಟ್ಟಿಗೆ ಕೆಲಸಕ್ಕೆ ಬರುತ್ತವೆ ಎಂದು ತೋರಿಸುವುದು ಈ ಪಾಠದ ಉದ್ದೇಶ. ಕಲಾ, ವಾಣಿಜ್ಯ ವಿಭಾಗದವರು ಲೆಕ್ಕ ಬಂದಾಗ ಪುಟ ತಿರುಗಿಸಬೇಡಿ. ಎಸ್ಸೆಸ್ಸೆಲ್ಸಿ ಗಣಿತದಷ್ಟೇ ಸಾಕು, ಒಂದೇ ಕಡೆ ಸ್ವಲ್ಪ ಮುಂದೆ ಹೋಗಿದ್ದೇನೆ.

ಗಂಟು ಹೇಗೆ ಬಿತ್ತು?

ನಾಲ್ಕು ದಾರಿಗಳು ಸಮತಟ್ಟಾಗಿ ಕೂಡುವ ಒಂದು ಸಾಮಾನ್ಯ ಕೂಡುರಸ್ತೆಯನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ದಾರಿಯಿಂದ ಬರುವ ವಾಹನ ಎಡಕ್ಕೆ, ನೇರಕ್ಕೆ, ಬಲಕ್ಕೆ ಹೋಗುವ ಗೆರೆಗಳನ್ನೂ ಎಳೆಯಿರಿ. ಗೆರೆಗಳು ಒಂದನ್ನೊಂದು ಮುಟ್ಟುವ ಜಾಗಗಳನ್ನು ಎಣಿಸಿದರೆ 32 ಸಿಗುತ್ತವೆ. ಅದರಲ್ಲಿ 16 ಕಡೆ ಗೆರೆಗಳು ಅಡ್ಡ ಹಾಯುತ್ತವೆ, 8 ಕಡೆ ಸೇರುತ್ತವೆ, 8 ಕಡೆ ಬೇರೆಯಾಗುತ್ತವೆ. ಇವನ್ನು ಸಂಘರ್ಷ ಬಿಂದುಗಳು ಎನ್ನುತ್ತಾರೆ. ಅಪಘಾತ ಆಗುವುದಿದ್ದರೆ ಹೆಚ್ಚಾಗಿ ಇಲ್ಲೇ. ಅದರಲ್ಲೂ ಅಡ್ಡ ಹಾಯುವ 16 ಅತಿ ಅಪಾಯದವು.

ಒಂದು ರಸ್ತೆಯನ್ನು ಎತ್ತಿ ಇನ್ನೊಂದರ ಮೇಲೆ ಹಾಯಿಸಿದರೆ ನೇರ ಹೋಗುವವರ ಗೊಡವೆ ತೀರಿತು. ಬಲಕ್ಕೆ ತಿರುಗುವವರು ಉಳಿದರು. ಅವರು ಮೊದಲು ಸೇತುವೆ ದಾಟಿ, ಆಮೇಲೆ ಎಡಕ್ಕೆ ಮುಕ್ಕಾಲು ಸುತ್ತು ಹಾಕಿ, ಬೇಕಾದ ರಸ್ತೆಗೆ ಇಳಿಯುತ್ತಾರೆ. ಆ ಮುಕ್ಕಾಲು ಸುತ್ತೇ ಲೂಪ್. ನಾಲ್ಕೂ ಮೂಲೆಯಲ್ಲಿ ಲೂಪ್ ಇದ್ದರೆ ಮೇಲಿನಿಂದ ನಾಲ್ಕೆಸಳಿನ ಎಲೆಯಂತೆ ಕಾಣುತ್ತದೆ. ಅದಕ್ಕೇ ಕ್ಲೋವರ್‌ಲೀಫ್ ಎಂದು ಹೆಸರು ಬಂದದ್ದು. ಅಮೆರಿಕದ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ 1929ರಲ್ಲೇ ಇಂಥದ್ದೊಂದನ್ನು ಕಟ್ಟಿದ್ದರು. ನಮಗೆ ಹತ್ತಿರದ ದೊಡ್ಡ ಉದಾಹರಣೆ ಚೆನ್ನೈನ ಕತಿಪಾರ.

ಈಗ ನಮ್ಮ ವಿಷಯಕ್ಕೆ ಬೇಕಾದ ಸಂಗತಿ. 50 ಮೀಟರ್ ತ್ರಿಜ್ಯದ ಲೂಪ್ ಒಂದರ ಒಳಗೆ ಎಷ್ಟು ನೆಲ ಸಿಕ್ಕಿಬೀಳುತ್ತದೆ? ಪೂರ್ಣ ವೃತ್ತವೆಂದು ಹಿಡಿದರೆ 3.14 × 50 × 50, ಅಂದರೆ ಸುಮಾರು 7,850 ಚದರ ಮೀಟರ್. ಹತ್ತಿರ ಹತ್ತಿರ ಎರಡು ಎಕರೆ. ಇಂಥವು ನಾಲ್ಕಿದ್ದರೆ ಎಂಟು ಎಕರೆ. ನಗರದ ಅತಿ ದುಬಾರಿ ನೆಲದಲ್ಲಿ ಎಂಟು ಎಕರೆ, ಸುತ್ತ ಟ್ರಾಫಿಕ್ಕು, ಒಳಗೆ ಹೋಗಲು ದಾರಿಯಿಲ್ಲ. ಇದನ್ನು ಏನು ಮಾಡುವುದು?

ಸಾಮಾನ್ಯವಾಗಿ ಸಿಗುವ ಉತ್ತರ ನಿಮಗೆಲ್ಲ ಗೊತ್ತು: ಹುಲ್ಲುಹಾಸು, ಒಂದು ಕಾರಂಜಿ, ಬಣ್ಣದ ದೀಪ, ಪ್ರಾಯೋಜಕರ ಫಲಕ. ಉದ್ಘಾಟನೆಯ ದಿನ ಚೆನ್ನಾಗಿರುತ್ತದೆ. ಮೂರನೇ ವರ್ಷ ಕಾರಂಜಿಯ ತೊಟ್ಟಿಯಲ್ಲಿ ಸೊಳ್ಳೆ ಇರುತ್ತದೆ. ನನಗೆ ಕಾರಂಜಿಯ ಮೇಲೆ ದ್ವೇಷವಿಲ್ಲ. ಆದರೆ ಆ ನೆಲ ಮಾಡಬೇಕಾದ ಕೆಲಸಗಳು ಬೇರೆ ಇವೆ, ಅವು ಮೊದಲು ಆಗಬೇಕು.

ಹೆಬ್ಬಾಳವನ್ನೇ ತೆಗೆದುಕೊಳ್ಳೋಣ

ಬಳ್ಳಾರಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಬಳಕೆಗೆ ಬಂತು. ಪಕ್ಕದಲ್ಲೇ ಕೆರೆ, ಹತ್ತಿರದಲ್ಲೇ ರೈಲು ಹಳಿ. ಆಗ ದೇವನಹಳ್ಳಿಯ ವಿಮಾನ ನಿಲ್ದಾಣ ಇರಲಿಲ್ಲ. ಅದು ತೆರೆದದ್ದು 2008ರ ಮೇ ತಿಂಗಳಲ್ಲಿ. ಅಲ್ಲಿಂದ ಮುಂದೆ ಹೆಬ್ಬಾಳ ಬರೀ ಕೂಡುರಸ್ತೆಯಾಗಿ ಉಳಿಯಲಿಲ್ಲ, ವಿಮಾನದಲ್ಲಿ ಬಂದಿಳಿದವರಿಗೆಲ್ಲ ನಗರದ ಬಾಗಿಲಾಯಿತು.

ಬೆಂಗಳೂರಿನ ಉತ್ತರದ ಬಾಗಿಲು ಹೇಗೆ ಸರಿಯುತ್ತಾ ಬಂತು ಎಂಬುದನ್ನು ಇದೇ ರಸ್ತೆಯಲ್ಲಿ ಓದಬಹುದು. ಪೇಟೆಯ ಕಾಲಕ್ಕೆ ಯಲಹಂಕ ಬಾಗಿಲು. ಆಮೇಲೆ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಉತ್ತರದ್ದು, ಮೇಖ್ರಿ ವೃತ್ತದ ಹತ್ತಿರ. (ಆ ವೃತ್ತದ ಹೆಸರು ಇನಾಯತುಲ್ಲಾ ಮೇಖ್ರಿ ಅವರದು, ದಿನಾ ಅಲ್ಲಿ ಹಾಯುವವರಲ್ಲಿ ಎಷ್ಟು ಜನಕ್ಕೆ ಅದು ಒಬ್ಬ ಮನುಷ್ಯನ ಹೆಸರೆಂದು ಗೊತ್ತಿದೆಯೋ.) ಆಮೇಲೆ ಹೆಬ್ಬಾಳ. ಈಗ ವಿಮಾನ ನಿಲ್ದಾಣದ ಆವರಣದಲ್ಲಿ 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆ. ಊರು ಬೆಳೆದಂತೆ ಬಾಗಿಲು ಹೊರಗೆ ಹೋಗುತ್ತದೆ, ಹಳೆಯದು ನಡುಮನೆಯಾಗುತ್ತದೆ. ಹೆಬ್ಬಾಳಕ್ಕೂ ಈಗ ಹಾಗೇ ಆಗಿದೆ. ಆದ್ದರಿಂದ ಇಂಟರ್‌ಚೇಂಜ್‌ನಲ್ಲಿ ಗಿಡ ನೆಡುವವರು, ಕಮಾನು ಎತ್ತುವವರು ನೆನಪಿಡಬೇಕಾದದ್ದು: ಇಂದು ಊರ ಹೊರಗಿರುವ ಈ ಜಾಗದಲ್ಲಿ ಇಪ್ಪತ್ತು ವರ್ಷದ ಮೇಲೆ ಜನ ನಡೆದಾಡುತ್ತಾರೆ.

ಕಣ್ಣಿಗೆ ಬಿಡಬೇಕಾದ ಜಾಗ

ಮೊದಲ ಕೆಲಸ ಕಾಣಿಸುವುದು. ಎದುರಿಗೆ ಏನೋ ಅಡ್ಡ ಬಂದದ್ದನ್ನು ಚಾಲಕ ನೋಡಿ, ಮನಸ್ಸಿಗೆ ತೆಗೆದುಕೊಂಡು, ಬ್ರೇಕ್ ಒತ್ತಿ, ವಾಹನ ನಿಲ್ಲುವವರೆಗೆ ಸಾಗುವ ದೂರವನ್ನು ನಿಲುಗಡೆ ದೃಷ್ಟಿದೂರ ಎನ್ನುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಪ್ರತಿಕ್ರಿಯೆಯ ಕಾಲವನ್ನು 2.5 ಸೆಕೆಂಡ್ ಎಂದು ಹಿಡಿಯುತ್ತದೆ. ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11.1 ಮೀಟರ್. 2.5 ಸೆಕೆಂಡಿನಲ್ಲಿ ವಾಹನ ಸುಮಾರು 28 ಮೀಟರ್ ಸಾಗಿಬಿಟ್ಟಿರುತ್ತದೆ, ಬ್ರೇಕ್ ಇನ್ನೂ ಹಿಡಿದಿರುವುದಿಲ್ಲ. ಆಮೇಲಿನದು ನಿಮ್ಮ ಭೌತಶಾಸ್ತ್ರದ ಸೂತ್ರ: ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ. ಘರ್ಷಣಾಂಕ 0.38 ಎಂದಿಟ್ಟರೆ ಸುಮಾರು 17 ಮೀಟರ್ ಬರುತ್ತದೆ. ಒಟ್ಟು 45 ಮೀಟರ್. ಇದೇ ಲೆಕ್ಕ 60 ಕಿ.ಮೀ.ಗೆ 80 ಮೀಟರ್, 100 ಕಿ.ಮೀ.ಗೆ 180 ಮೀಟರ್. ವೇಗ ಎರಡೂವರೆ ಪಟ್ಟಾದರೆ ದೂರ ನಾಲ್ಕು ಪಟ್ಟು ಆಯಿತು, ಗಮನಿಸಿ.

ಈಗ ಆ 50 ಮೀಟರ್ ತ್ರಿಜ್ಯದ ಲೂಪಿನಲ್ಲಿ 40 ಕಿ.ಮೀ. ವೇಗದಲ್ಲಿ ಸುತ್ತುತ್ತಿರುವ ಒಬ್ಬ ಚಾಲಕ. ಅವನಿಗೆ ರಸ್ತೆಯ ಗುಂಟ 45 ಮೀಟರ್ ಮುಂದಿನದು ಕಾಣಬೇಕು. ರಸ್ತೆ ಬಾಗಿದೆ, ನೋಟ ಬಾಗುವುದಿಲ್ಲ; ಅದು ಜ್ಯಾ ಆಗಿ ಲೂಪಿನ ಒಳನೆಲದ ಮೇಲೆ ಹಾಯುತ್ತದೆ. ಎಷ್ಟು ಒಳಗೆ? ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದರೆ ಕೋನ ರೇಡಿಯನ್ನಿನಲ್ಲಿ ಸಿಗುತ್ತದೆ: 45 ÷ 50 = 0.9. ಅದರ ಅರ್ಧ 0.45. ಅದರ ಕೋಸೈನ್ 0.90. ಒಂದರಿಂದ ಅದನ್ನು ಕಳೆದು ತ್ರಿಜ್ಯದಿಂದ ಗುಣಿಸಿ: 50 × 0.10 = 5 ಮೀಟರ್. ವಾಹನ ಸಾಗುವ ಗೆರೆಯಿಂದ ಒಳಕ್ಕೆ ಐದು ಮೀಟರ್ ಅಗಲದ ಪಟ್ಟಿಯಲ್ಲಿ ನೋಟಕ್ಕೆ ಅಡ್ಡವಾಗುವ ಏನೂ ಇರಬಾರದು.

ಅಡ್ಡವಾಗುವುದು ಎಂದರೆ ಎಷ್ಟು ಎತ್ತರ? ಚಾಲಕನ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ, ಕಾಣಬೇಕಾದ ವಸ್ತು 15 ಸೆಂ.ಮೀ. ಎತ್ತರದ್ದು ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ನೋಟದ ಗೆರೆ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ನಡುಮಧ್ಯದಲ್ಲಿ ಅದರ ಎತ್ತರ ಎರಡರ ಸರಾಸರಿ, ಸುಮಾರು 67 ಸೆಂ.ಮೀ. ಅಂದರೆ ಆ ಪಟ್ಟಿಯಲ್ಲಿ ಎರಡು ಅಡಿ ಮೀರಿ ಬೆಳೆಯುವ ಗಿಡ ನೆಡುವ ಹಾಗಿಲ್ಲ. ನೆಟ್ಟ ದಿನದ ಎತ್ತರ ನೋಡಿದರೆ ಸಾಲದು. ಮುಂಗಾರು ಮುಗಿಯುವಷ್ಟರಲ್ಲಿ ಎರಡಡಿಯ ಪೊದೆ ಮೂರಡಿ ಆಗಿರುತ್ತದೆ, ಕತ್ತರಿಸುವ ಗುತ್ತಿಗೆ ಇನ್ನೂ ಟೆಂಡರಿನಲ್ಲಿರುತ್ತದೆ. ಕತ್ತರಿಸುವವರನ್ನು ನಂಬಿ ಗಿಡ ಆರಿಸುವುದಕ್ಕಿಂತ, ಕತ್ತರಿಸದಿದ್ದರೂ ಕುಳ್ಳಗೇ ಇರುವ ಗಿಡ ಆರಿಸುವುದು ಜಾಣತನ.

ಐದು ಮೀಟರಿನ ಆಚೆ, ಲೂಪಿನ ನಡುವಿಗೆ, ಮರ ಬೆಳೆಸಲು ಅಡ್ಡಿಯಿಲ್ಲ. ಬೆಳೆಸಬೇಕು ಕೂಡ, ಏಕೆಂದರೆ ಎತ್ತರದ ಮರಗಳ ಗುಂಪು ದೂರದಿಂದಲೇ ‘ಇಲ್ಲಿ ತಿರುವು ಇದೆ’ ಎಂದು ಹೇಳುತ್ತದೆ. ಚಾಲಕ ಫಲಕ ಓದುವ ಮೊದಲೇ ಕಾಲು ಆಕ್ಸಿಲರೇಟರಿನಿಂದ ತೆಗೆಯುತ್ತಾನೆ. ಆದರೆ ವಾಹನ ದಾರಿ ತಪ್ಪಿ ಹೊರಹಾಯಬಹುದಾದ ಕಡೆ ಗಟ್ಟಿ ಕಾಂಡದ ಮರ ಇರಬಾರದು. ಅಮೆರಿಕದ ಹೆದ್ದಾರಿ ಕೈಪಿಡಿಗಳು ನಾಲ್ಕು ಇಂಚಿಗಿಂತ ದಪ್ಪದ ಕಾಂಡವನ್ನು ಕಂಬದಷ್ಟೇ ಅಪಾಯವೆಂದು ಎಣಿಸುತ್ತವೆ. ಇದು ಸಾಲುಮರಗಳನ್ನು ಪ್ರೀತಿಸುವ ನಮಗೆ ಸ್ವಲ್ಪ ಕಷ್ಟದ ಮಾತು. ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ನಡುವೆ ನೆಟ್ಟ ಆಲದ ಮರಗಳು ನಡೆದು ಹೋಗುವವರಿಗೆ, ಎತ್ತಿನ ಗಾಡಿಯವರಿಗೆ ನೆರಳಾದವು. ಹತ್ತು ಮೀಟರಿಗೊಂದು ಮರವಿದ್ದರೆ ನಡೆಯುವವನು ಎಂಟು ಸೆಕೆಂಡಿಗೊಂದು ಮರ ದಾಟುತ್ತಾನೆ. 80 ಕಿ.ಮೀ. ವೇಗದ ಕಾರು ಒಂದೇ ಸೆಕೆಂಡಿನಲ್ಲಿ ಎರಡು ದಾಟುತ್ತದೆ; ಇಳಿಬಿಸಿಲಿನಲ್ಲಿ ಬೆಳಕು–ನೆರಳು ಕಣ್ಣಿಗೆ ಮಿನುಗುತ್ತದೆ. ಅದೇ ಮರಗಳನ್ನು ಗುಂಪಾಗಿ, ನಡುವೆ ಬಯಲು ಬಿಟ್ಟು, ರಸ್ತೆಯಿಂದ ಹಿಂದೆ ನೆಟ್ಟರೆ ಆ ತೊಂದರೆಯಿಲ್ಲ.

ಡಿವೈಡರಿನಲ್ಲಿ ಕಣಗಿಲೆ ಯಾಕೆ ಅಷ್ಟು ಕಾಣುತ್ತದೆ ಎಂದು ಯೋಚಿಸಿದ್ದೀರಾ? ರಾತ್ರಿ ಎದುರಿನ ವಾಹನದ ಹೆಡ್‌ಲೈಟ್ ಕಣ್ಣಿಗೆ ಹೊಡೆಯದಂತೆ ಅದು ಪರದೆಯಾಗುತ್ತದೆ, ಬರ ತಡೆಯುತ್ತದೆ, ಎಲೆ ವಿಷವಾದ್ದರಿಂದ ದನ ಮೇಯುವುದಿಲ್ಲ. ಮೂರು ಗುಣ, ಒಳ್ಳೆಯ ಆಯ್ಕೆ. ಆದರೆ ಡಿವೈಡರ್ ತೆರೆದಿರುವ ಜಾಗದವರೆಗೂ ಅದನ್ನೇ ನೆಟ್ಟರೆ ಅದರ ಹಿಂದೆ ನಿಂತ ಶಾಲೆಯ ಹುಡುಗ ಯಾರಿಗೂ ಕಾಣುವುದಿಲ್ಲ.

ನೀರು

ಒಂದು ಹೆಕ್ಟೇರ್ ಡಾಂಬರಿನ ಮೇಲೆ 5 ಸೆಂ.ಮೀ. ಮಳೆ ಬಿದ್ದರೆ 5 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 80ಕ್ಕೂ ಹೆಚ್ಚು. ಹಳೆಯ ಬೆಂಗಳೂರಿನಲ್ಲಿ ಇಂಥ ನೀರು ಕೆರೆಯಿಂದ ಕೆರೆಗೆ ರಾಜಕಾಲುವೆಯಲ್ಲಿ ಹೋಗುತ್ತಿತ್ತು. ಹೆಬ್ಬಾಳ ಕೆರೆಯ ಕೋಡಿ ನೀರಿನ ದಾರಿ ನಾಗವಾರ ಕೆರೆಯ ಕಡೆಗೆ. ಇಂಟರ್‌ಚೇಂಜ್ ಎಂದರೆ ಆ ದಾರಿಗೆ ಅಡ್ಡವಾಗಿ ಹತ್ತಾರು ಸಾವಿರ ಲೋಡು ಮಣ್ಣಿನ ಏರಿ. ದೊಡ್ಡ ಮಳೆಯ ಮರುದಿನ ಹೆಬ್ಬಾಳದ ಕೆಳರಸ್ತೆಯಲ್ಲಿ ನಿಂತ ನೀರಿನ ಫೋಟೊ ಪತ್ರಿಕೆಯಲ್ಲಿ ಬರುವುದನ್ನು ನೀವೂ ನೋಡಿರುತ್ತೀರಿ.

ಲೂಪಿನ ಒಳಗಿನ ಆ ಎರಡು ಎಕರೆಯ ಅರ್ಧ ಭಾಗವನ್ನು ಸುತ್ತಲಿನ ರಸ್ತೆಗಿಂತ ಅರ್ಧ ಮೀಟರ್ ತಗ್ಗಿಸಿದರೆ ಸಾಕು, ಸುಮಾರು 19 ಲಕ್ಷ ಲೀಟರ್ ಅಲ್ಲಿ ನಿಲ್ಲುತ್ತದೆ. ಮೇಲೆ ಹೇಳಿದ ಮಳೆಯನ್ನು ನಾಲ್ಕು ಹೆಕ್ಟೇರಿಗೆ ಹತ್ತಿರದಷ್ಟು ರಸ್ತೆಯಿಂದ ಹಿಡಿದಂತಾಯಿತು. ಹುಲ್ಲಿನ ತಗ್ಗಿನಲ್ಲಿ ನಿಂತು ನಿಧಾನವಾಗಿ ಇಂಗುವಾಗ ಎಂಜಿನ್ ಆಯಿಲ್, ಟೈರಿನ ಪುಡಿ ಒಂದಷ್ಟು ಮಣ್ಣಿನಲ್ಲೇ ಉಳಿಯುತ್ತವೆ, ಕೆರೆಗೆ ನೇರ ಹೋಗುವುದಿಲ್ಲ. ನಾವು ಮಾಡುತ್ತಿರುವುದು ಹೆಚ್ಚಾಗಿ ಇದರ ತದ್ವಿರುದ್ಧ. ಸುತ್ತ ಕರ್ಬ್ ಕಲ್ಲು ಕಟ್ಟಿ, ಒಳಗೆ ಮಣ್ಣು ತುಂಬಿ ದಿಬ್ಬ ಮಾಡಿ, ಹುಲ್ಲು ಹಾಸಿ, ಅದಕ್ಕೆ ಟ್ಯಾಂಕರಿನಲ್ಲಿ ನೀರು ತರಿಸುತ್ತೇವೆ. ಮಳೆ ನೀರು ರಸ್ತೆಯಲ್ಲಿ ನಿಲ್ಲುತ್ತದೆ. ಏರಿಯ ಇಳಿಜಾರಿಗೂ ಹುಲ್ಲುಹಾಸಿಗಿಂತ ಲಾವಂಚ ಒಳ್ಳೆಯದು. ಅದರ ಬೇರು ಅಡ್ಡ ಹರಡದೆ ನೇರ ಆಳಕ್ಕೆ ಇಳಿದು ಮಣ್ಣನ್ನು ಹೊಲಿದಂತೆ ಹಿಡಿಯುತ್ತದೆ.

ಕಮಾನು ಏನು ಹೇಳಬೇಕು?

ಉಮ್ರಾಗೆ ಹೋಗಿ ಬಂದವರ ಫೋನಿನಲ್ಲಿ ಒಂದು ಫೋಟೊ ಖಂಡಿತ ಇರುತ್ತದೆ: ಜಿದ್ದಾದಿಂದ ಮಕ್ಕಾಕ್ಕೆ ಹೋಗುವ ಹೆದ್ದಾರಿಯ ಮೇಲೆ, ಎರಡೂ ಬದಿಯ ರಸ್ತೆಯನ್ನು ದಾಟಿ ನಿಂತ ದ್ವಾರ. ರಿಹಾಲಿನ ಮೇಲೆ ತೆರೆದಿಟ್ಟ ಕುರ್‌ಆನ್‌ನ ಆಕಾರ. ಸೌದಿ ಕಲಾವಿದ ದಿಯಾ ಅಜೀಜ್ ದಿಯಾ ಅವರ ವಿನ್ಯಾಸ ಅದು. ಹರಮ್ ಗಡಿಯ ಸಂಕೇತವಾಗಿ ಅದು ಅಲ್ಲಿದೆ. ಭಕ್ತಿಯ ಮಾತನ್ನು ಪಕ್ಕಕ್ಕಿಟ್ಟು ವಿನ್ಯಾಸದ ಕಣ್ಣಿನಿಂದಷ್ಟೇ ನೋಡಿ. ಅದಕ್ಕೆ ಅಕ್ಷರ ಓದುವ ಅಗತ್ಯವಿಲ್ಲ. ಅರಬಿ ಬಾರದ ಇಂಡೊನೇಷ್ಯಾದ ರೈತನಿಗೂ ನಮ್ಮ ಬ್ಯಾರಿ ಅಜ್ಜಿಗೂ ಅದು ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಒಂದೇ ಆಕಾರ, ಒಂದೇ ಮಾತು, ಅದೂ ನಿಜವಾದ ಗಡಿಯೊಂದರ ಬಗ್ಗೆ. ವೇಗವಾಗಿ ಹೋಗುವವರಿಗೆ ಕಟ್ಟುವ ದ್ವಾರ ಹೀಗಿರಬೇಕು.

ನಮ್ಮ ಊರುಗಳ ಸ್ವಾಗತ ಕಮಾನುಗಳ ಜೊತೆ ಹೋಲಿಸಿ. ‘ಸುಸ್ವಾಗತ’ ಎಂಬ ಪದ, ಕೆಳಗೆ ಊರಿನ ಹೆಸರು, ಅದರ ಕೆಳಗೆ ಕಟ್ಟಿಸಿದವರ ಹೆಸರು, ಬದಿಯಲ್ಲಿ ಜಾಹೀರಾತು, ಹಬ್ಬ ಬಂದರೆ ಮೇಲೊಂದು ಬ್ಯಾನರ್. ಲೆಕ್ಕ ಹಾಕೋಣ. ಒಂದು ಸೆಂ.ಮೀ. ಎತ್ತರದ ಅಕ್ಷರ ಸುಮಾರು 5 ಮೀಟರ್ ದೂರದಿಂದ ಸಲೀಸಾಗಿ ಓದಲು ಬರುತ್ತದೆ ಎಂಬುದು ಫಲಕ ಮಾಡುವವರ ಸ್ಥೂಲ ನಿಯಮ. 30 ಸೆಂ.ಮೀ. ಅಕ್ಷರ 150 ಮೀಟರಿನಿಂದ ಕಾಣುತ್ತದೆ; 80 ಕಿ.ಮೀ. ವೇಗದಲ್ಲಿ ಓದಲು ಸಿಗುವುದು ಏಳು ಸೆಕೆಂಡಿಗಿಂತ ಕಡಿಮೆ. ಆದರೆ ಈ ನಿಯಮ ರೋಮನ್ ಅಕ್ಷರಗಳಿಗೆ ಹುಟ್ಟಿದ್ದು. ಕನ್ನಡದಲ್ಲಿ ಒತ್ತಕ್ಷರವಿದೆ. ‘ಚಿಕ್ಕಬಳ್ಳಾಪುರ’ ಎಂದು 30 ಸೆಂ.ಮೀ.ನಲ್ಲಿ ಬರೆದರೆ ಅದರ ಕೆಳಗಿನ ಒತ್ತುಗಳ ಎತ್ತರ ಅದರ ಅರ್ಧವೋ ಇನ್ನೂ ಕಡಿಮೆಯೋ ಇರುತ್ತದೆ. ಓದುವ ದೂರ ನಿರ್ಧಾರವಾಗುವುದು ಆ ಚಿಕ್ಕ ಭಾಗದಿಂದ. ಇಂಗ್ಲಿಷ್ ಸಾಲಿಗೆ ಕೊಟ್ಟಷ್ಟೇ ಎತ್ತರವನ್ನು ಕನ್ನಡದ ಸಾಲಿಗೂ ಕೊಟ್ಟು ‘ಎರಡೂ ಭಾಷೆಗೆ ಸಮಾನ ಸ್ಥಾನ’ ಎಂದರೆ, ಕನ್ನಡ ಮಾತ್ರ ಬಲ್ಲ ಲಾರಿ ಚಾಲಕನಿಗೆ ಕಡಿಮೆ ಸಮಯ ಸಿಕ್ಕಿದಂತಾಯಿತು. ಕನ್ನಡದ ಸಾಲು ದೊಡ್ಡದಿರಬೇಕು ಎಂಬುದಕ್ಕೆ ಅಭಿಮಾನದ ಕಾರಣ ಬೇಕಾಗಿಲ್ಲ, ಅಳತೆಪಟ್ಟಿ ಸಾಕು.

ಕಮಾನಿನ ಕಂಬವೂ ಒಂದು ವಿಷಯ. ರಸ್ತೆಯ ಅಂಚಿಗೇ ತಂದು ನಿಲ್ಲಿಸಿದ ಕಾಂಕ್ರೀಟ್ ಕಂಬ, ನಾಲ್ಕಿಂಚಿನ ಮರಕ್ಕಿಂತ ಎಷ್ಟು ಪಟ್ಟು ಅಪಾಯ ಎಂದು ನಾನು ಹೇಳಬೇಕಾಗಿಲ್ಲ. ಜಾಹೀರಾತಿನ ಬಗ್ಗೆ ಅಮೆರಿಕದಲ್ಲಿ 1965ರಲ್ಲೇ ಹೆದ್ದಾರಿ ಸೌಂದರ್ಯ ಕಾಯ್ದೆ ಬಂತು, ಅಧ್ಯಕ್ಷರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಅವರ ಒತ್ತಾಸೆಯಿಂದ. ಹೆದ್ದಾರಿ ಬದಿಯ ಜಾಹೀರಾತು ಫಲಕಗಳಿಗೆ ಮಿತಿ ಹಾಕುವುದು ಅದರ ಮುಖ್ಯ ಗುರಿಗಳಲ್ಲಿ ಒಂದಾಗಿತ್ತು.

ಕಾಲ್ನಡಿಗೆಯವರ ಪಾಲು

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಾಡಿಯ ಒಳಗೆ ಕುಳಿತವರ ಬಗ್ಗೆ. ಹೆಬ್ಬಾಳದಲ್ಲಿ ಸಂಜೆ ನಿಂತು ನೋಡಿ: ಚಿಕ್ಕಬಳ್ಳಾಪುರದ ಕಡೆ, ದೇವನಹಳ್ಳಿಯ ಕಡೆ ಬಸ್ಸಿಗೆ ಕಾಯುವವರು, ಮಗು ಎತ್ತಿಕೊಂಡವರು, ಮೂಟೆ ಹೊತ್ತವರು, ಕಾಲೇಜು ಬ್ಯಾಗಿನವರು. ನಗರದ ಬಾಗಿಲಲ್ಲಿ ಅತಿ ಹೆಚ್ಚು ಹೊತ್ತು ಇರುವವರು ಇವರೇ. ಕಾರಿನವರು ಅದನ್ನು ಅರೆನಿಮಿಷದಲ್ಲಿ ದಾಟುತ್ತಾರೆ.

ಮೂರು ಲೇನಿನ ಒಂದು ಬದಿ, 10.5 ಮೀಟರ್ ಅಗಲ, ದಾಟಬೇಕು. ಸೆಕೆಂಡಿಗೆ 1.2 ಮೀಟರ್ ನಡೆಯುವ ನಿಮಗೆ ಸುಮಾರು 9 ಸೆಕೆಂಡ್ ಬೇಕು. 60 ಕಿ.ಮೀ. ವೇಗದ ವಾಹನ ಅಷ್ಟರಲ್ಲಿ 146 ಮೀಟರ್ ಬಂದಿರುತ್ತದೆ. ಮಂಡಿನೋವಿನ ನಿಮ್ಮ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ 13 ಸೆಕೆಂಡ್ ಬೇಕು, ವಾಹನ ಸುಮಾರು 219 ಮೀಟರ್ ಬಂದಿರುತ್ತದೆ. ಅಂದರೆ ಅಜ್ಜಿ ಹೆಜ್ಜೆ ಇಡುವ ಮೊದಲು 219 ಮೀಟರ್ ದೂರದವರೆಗೂ ರಸ್ತೆ ಖಾಲಿ ಎಂದು ಅವರ ಕಣ್ಣಿಗೆ ಕಾಣಬೇಕು. ಲೂಪಿನ ಬಾಯಲ್ಲಿ, ರ‍್ಯಾಂಪ್ ಇಳಿಯುವಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಲೂಪಿನ ಒಳಗಿನ ಹೂವಿನ ಖರ್ಚಿನ ಬಗ್ಗೆ ಚರ್ಚೆ ಬಂದಾಗಲೆಲ್ಲ ನನಗೆ ಈ ಎರಡನೇ ಸಂಖ್ಯೆ ನೆನಪಾಗುತ್ತದೆ.

ಇದಕ್ಕೆ ದಾರಿಯಿಲ್ಲವೆಂದಲ್ಲ. ಬಾರ್ಸಿಲೋನಾ ನಗರ 1992ರ ಒಲಿಂಪಿಕ್ಸ್‌ಗಾಗಿ ವರ್ತುಲ ರಸ್ತೆಗಳನ್ನು ಕಟ್ಟಿದಾಗ ಅದರ ಉತ್ತರದ ತುದಿಯಲ್ಲಿ ದೊಡ್ಡ ಇಂಟರ್‌ಚೇಂಜ್ ಬಂತು. ಹೆಸರು ‘ನೂಸ್ ದೆ ಲಾ ತ್ರಿನಿತಾತ್’. ಕೆಟಲಾನ್ ಭಾಷೆಯಲ್ಲಿ ‘ನೂಸ್’ ಎಂದರೆ ಗಂಟು. ಈ ಲೇಖನದ ತಲೆಬರಹ ಅಲ್ಲಿಂದಲೇ ಬಂದದ್ದು. ಎನ್ರಿಕ್ ಬಾಟ್ಲೆ ಮತ್ತು ಜೊವಾನ್ ರೊಯಿಗ್ ಎಂಬ ವಾಸ್ತುಶಿಲ್ಪಿಗಳು ಆ ಗಂಟಿನ ಹೊಟ್ಟೆಯೊಳಗೆ ಒಂದು ಉದ್ಯಾನ ಮಾಡಿದರು. ಸಾಲುಮರ, ನೀರು, ಆಟದ ಜಾಗ, ಮತ್ತು ಮುಖ್ಯವಾಗಿ ಅಲ್ಲಿಗೇ ಮೆಟ್ರೊ. ರಸ್ತೆ ದಾಟದೆ ನೆಲದಡಿಯಿಂದ ಬಂದು ಉದ್ಯಾನದಲ್ಲಿ ಏಳಬಹುದು. ಟೋಕಿಯೊದ ಒಹಾಶಿ ಜಂಕ್ಷನ್ನಿನಲ್ಲಿ ಇನ್ನೊಂದು ಬಗೆ. ಅಲ್ಲಿ ನೆಲದಡಿಯ ಹೆದ್ದಾರಿಯಿಂದ ಮೇಲಿನ ಹೆದ್ದಾರಿಗೆ ವಾಹನಗಳು ಸುರುಳಿ ಸುತ್ತಿ ಏರುತ್ತವೆ, ಒಂದು ಸುತ್ತಿಗೆ ಸುಮಾರು 400 ಮೀಟರ್. ಆ ಸುರುಳಿಯನ್ನು ಪೂರ್ತಿ ಗೋಡೆ–ಚಾವಣಿಯಿಂದ ಮುಚ್ಚಿ, ಚಾವಣಿಯ ಮೇಲೆ ಸುಮಾರು 7,000 ಚದರ ಮೀಟರಿನ ಇಳಿಜಾರು ತೋಟ ಮಾಡಿದರು, 2013ರಲ್ಲಿ ತೆರೆಯಿತು. ಅಷ್ಟು ಹಣ ನಮ್ಮಲ್ಲಿ ಇಲ್ಲ ಎನ್ನಬಹುದು. ಹಾಗಾದರೆ ಕತಿಪಾರಕ್ಕೆ ಬನ್ನಿ. ವರ್ಷಗಟ್ಟಲೆ ಪಾಳುಬಿದ್ದಿದ್ದ ಆ ಕ್ಲೋವರ್‌ಲೀಫಿನ ಒಳನೆಲದಲ್ಲಿ 2021ರಲ್ಲಿ ಚೆನ್ನೈ ಮೆಟ್ರೊ ಸಂಸ್ಥೆ ಬಸ್ ನಿಲ್ದಾಣ, ವಾಹನ ನಿಲುಗಡೆ, ತಿಂಡಿ ಅಂಗಡಿಗಳು, ಮಕ್ಕಳ ಆಟದ ಜಾಗ ಮಾಡಿತು. ಬಸ್ಸು ಬದಲಿಸುವವರು ಅಲ್ಲಿ ನೆರಳಲ್ಲಿ ಕೂರುತ್ತಾರೆ. ಸೇತುವೆಗಳ ಕೆಳಗಿನ ನೆರಳು ಮೊದಲೂ ಇತ್ತು, ಯಾರಿಗೂ ಸಿಗುತ್ತಿರಲಿಲ್ಲ, ಅಷ್ಟೇ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಇದೇ, ತೋಟದ ಮಟ್ಟಿಗೆ ಅದು ಮೂರರಲ್ಲೂ ಸಾಧಾರಣವೇ ಆದರೂ.

ಮಾಡಿ ನೋಡಿ

ನಮ್ಮ ಕಾಲೇಜಿಗೆ ಬರುವ ದಾರಿಯಲ್ಲೇ ನೀವೆಲ್ಲ ದಾಟುವ ಹೆದ್ದಾರಿ ಕೂಡುರಸ್ತೆ ಒಂದಿದೆ. ನಾಲ್ಕು ನಾಲ್ಕು ಜನರ ತಂಡ ಮಾಡಿಕೊಂಡು ಅದನ್ನು ಅಳೆಯಿರಿ. ಫುಟ್‌ಪಾತಿನಿಂದಲೇ ಅಳೆಯಿರಿ, ರಸ್ತೆಗೆ ಇಳಿಯಬೇಡಿ. ಪ್ರಥಮ ಪಿಯುಸಿಯವರು ಒಬ್ಬ ಉಪನ್ಯಾಸಕರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಎರಡು ವಿದ್ಯುತ್ ಕಂಬಗಳ ನಡುವಿನ ದೂರ ಮೊದಲು ಗೊತ್ತುಮಾಡಿಕೊಂಡರೆ, ಒಂದು ವಾಹನ ಅದನ್ನು ದಾಟುವ ಸಮಯವನ್ನು ಫೋನಿನ ಸ್ಟಾಪ್‌ವಾಚಿನಲ್ಲಿ ಹಿಡಿದು ವೇಗ ಕಂಡುಹಿಡಿಯಬಹುದು. ಐವತ್ತು ವಾಹನಗಳಾದರೂ ಇರಲಿ. ಜನ ರಸ್ತೆ ದಾಟುವ ಜಾಗದ ಪಕ್ಕದಲ್ಲಿ ನಿಂತರೆ ಬರುವ ವಾಹನ ಎಷ್ಟು ದೂರದಿಂದ ಕಾಣುತ್ತದೆ? ನಿಂತು ಒಮ್ಮೆ, ಎಂಟು ವರ್ಷದ ಮಗುವಿನ ಎತ್ತರಕ್ಕೆ ಬಗ್ಗಿ ಇನ್ನೊಮ್ಮೆ ನೋಡಿ. ನೋಟಕ್ಕೆ ಅಡ್ಡವಿರುವುದು ಗಿಡವೋ, ಫ್ಲೆಕ್ಸೋ, ನಿಂತ ಆಟೋವೋ ಬರೆದುಕೊಳ್ಳಿ. ಫಲಕದ ಒತ್ತಕ್ಷರ ಎಷ್ಟು ಹೆಜ್ಜೆ ದೂರದಿಂದ ಓದಲು ಬರುತ್ತದೆ? ಮಳೆ ಬಂದ ಅರ್ಧ ಗಂಟೆಯ ಮೇಲೆ ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ? ಸಂಜೆ ಐದರಿಂದ ಆರರವರೆಗೆ ಎಷ್ಟು ಜನ ನಡೆದು ದಾಟಿದರು, ಅವರಲ್ಲಿ ವೃದ್ಧರು, ಮಕ್ಕಳು ಎಷ್ಟು?

ಇಪ್ಪತ್ತು ಮೀಟರಿನ ಅಳತೆ ಟೇಪು ಭೌತಶಾಸ್ತ್ರ ಪ್ರಯೋಗಾಲಯದಲ್ಲಿದೆ, ಹೆಸರು ಬರೆಸಿ ತೆಗೆದುಕೊಳ್ಳಿ. ಅಂಕಿಗಳು ಒಂದು ನಕ್ಷೆಯ ಮೇಲೆ ಬಂದ ಮೇಲೆ ಅದನ್ನು ಪಂಚಾಯಿತಿಗೋ ಪುರಸಭೆಗೋ ಹೆದ್ದಾರಿ ವಿಭಾಗಕ್ಕೋ ಕಳುಹಿಸುವ ಅರ್ಜಿಯನ್ನು ಕನ್ನಡ ವಿಭಾಗದಲ್ಲಿ ಕುಳಿತು ಬರೆಯೋಣ. ‘ಇಲ್ಲಿ ಅಪಾಯವಿದೆ’ ಎಂಬ ಅರ್ಜಿಗಳು ಕಚೇರಿಗಳಲ್ಲಿ ಬೇಕಾದಷ್ಟಿವೆ. ‘ಇಲ್ಲಿ 219 ಮೀಟರ್ ಕಾಣಬೇಕು, 70 ಮೀಟರ್ ಕಾಣುತ್ತಿದೆ, ಅಡ್ಡವಿರುವುದು ಈ ಮೂರು ಪೊದೆ’ ಎಂಬ ಅರ್ಜಿ ಬಂದರೆ ಅದನ್ನು ಓದುವ ಇಂಜಿನಿಯರಿಗೆ ಕತ್ತರಿ ಎಲ್ಲಿಗೆ ಕಳುಹಿಸಬೇಕೆಂದಾದರೂ ತಿಳಿಯುತ್ತದೆ.